ಮಲೆನಾಡಿನ ಮನೆಯಲ್ಲಿ ಮೊಬೈಲ್ ಇಂಟರ್ನೆಟ್: ಕಡ್ಡಿ ಎಣಿಸಬೇಡಿ, ಅಳೆದು ನೋಡಿ

ನಾಲ್ಕು ಕಡ್ಡಿ ಸಿಗ್ನಲ್ ಇದೆ, ನೆಟ್ ಮಾತ್ರ ಓಡುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಸಿದ್ದಾಪುರ, ಯಲ್ಲಾಪುರದ ಕಡೆ ಇದು ನಿತ್ಯದ ಮಾತು. 2020ರಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆಂದು ಗುಡ್ಡ ಹತ್ತಿ ಕೂತ ದಿನಗಳಿಂದೀಚೆಗೆ ಹೊಸ ಟವರ್‌ಗಳು ಬಂದಿವೆ. ಆದರೂ ತೋಟದ ನಡುವಿನ ಮನೆಯಲ್ಲಿ ಕೂತು ಒಂದು ವಿಡಿಯೋ ಮೀಟಿಂಗ್ ಮುಗಿಸುವುದು ಕಷ್ಟವೇ. ಫೈಬರ್ ಇನ್ನೂ ಬಾರದ, 4ಜಿ ಸಿಮ್ಮನ್ನೇ ನೆಚ್ಚಿಕೊಂಡಿರುವ ಅಂಥ ಮನೆಗಳಿಗಾಗಿ ಈ ಬರಹ.

ಕಡ್ಡಿಗಳನ್ನು ನಂಬಿ ರೂಟರ್ ಕೊಂಡರೆ, ಆಂಟೆನಾ ಕಟ್ಟಿದರೆ ದುಡ್ಡು ದಂಡವಾಗುವ ಸಾಧ್ಯತೆಯೇ ಹೆಚ್ಚು. ಯಾವ ಮಟ್ಟದ ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕೆಂಬುದು ಆಯಾ ಫೋನ್ ತಯಾರಕರಿಗೆ ಬಿಟ್ಟದ್ದು. ಒಂದೇ ಕಿಟಕಿಯ ಮೇಲೆ ಇಟ್ಟ ಎರಡು ಫೋನ್‌ಗಳಲ್ಲಿ ಒಂದು ಎರಡು ಕಡ್ಡಿ, ಇನ್ನೊಂದು ನಾಲ್ಕು ಕಡ್ಡಿ ತೋರಿಸಬಹುದು. ನಿಧಾನಕ್ಕೆ ಕಾರಣಗಳೂ ಬೇರೆ ಬೇರೆ: ಸಿಗ್ನಲ್ಲೇ ಕ್ಷೀಣವಾಗಿರಬಹುದು, ಸಿಗ್ನಲ್ ಗಟ್ಟಿಯಿದ್ದೂ ಬೇರೆ ಟವರ್‌ಗಳ ಗದ್ದಲ ಅದನ್ನು ಕೆಡಿಸುತ್ತಿರಬಹುದು, ಎರಡೂ ಸರಿಯಿದ್ದು ಟವರ್ ಮೇಲೆ ಜನ ಹೆಚ್ಚಾಗಿರಬಹುದು, ಅಥವಾ ದೋಷ ನಮ್ಮ ಫೋನಿನಲ್ಲೋ ಪ್ಲಾನಿನಲ್ಲೋ ಇರಬಹುದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಖರ್ಚಿಲ್ಲದ ಪರೀಕ್ಷೆಗಳು ಮೊದಲು

ದಿನದ ಕೋಟಾ ಮುಗಿದಿದೆಯೇ ನೋಡಿ. ದಿನಕ್ಕಿಷ್ಟು ಜಿಬಿ ಎಂಬ ಪ್ಲಾನ್‌ಗಳಲ್ಲಿ ಕೋಟಾ ಮುಗಿದ ಮೇಲೆ ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ 1 ಎಂಬಿಯ ಒಂದು ಫೋಟೋ ಇಳಿಯಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ‘ಸಂಜೆಯಾದರೆ ನೆಟ್ ಸತ್ತೇಹೋಗುತ್ತದೆ, ರಾತ್ರಿ ಹನ್ನೆರಡರ ಮೇಲೆ ಓಡುತ್ತದೆ’ ಎನ್ನುವವರು ಟವರನ್ನು ಬೈಯುವ ಮುನ್ನ ಕಂಪನಿಯ ಆ್ಯಪ್ ತೆರೆದು ಬಾಕಿ ಎಷ್ಟಿದೆ ನೋಡಲಿ.

ಸಿಮ್ 3ಜಿ ಕಾಲದ್ದಾಗಿದ್ದರೆ ಬದಲಿಸಿ. ಬಿಎಸ್‌ಎನ್‌ಎಲ್‌ನ ಹಳೆಯ ಸಿಮ್ ಇಟ್ಟುಕೊಂಡವರು 4ಜಿ ಸಿಮ್‌ಗೆ ಬದಲಾಗದಿದ್ದರೆ ಪಕ್ಕದಲ್ಲೇ ಹೊಸ ಟವರ್ ಎದ್ದರೂ ಪ್ರಯೋಜನವಿಲ್ಲ. ಬಿಎಸ್‌ಎನ್‌ಎಲ್‌ನ 4ಜಿ 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಹೀಗೆ ಹಂಚಿದ ಪ್ರತಿ ಫ್ರೀಕ್ವೆನ್ಸಿ ಪಟ್ಟಿಗೆ ಬ್ಯಾಂಡ್ ಎಂದು ಹೆಸರು, ಅದಕ್ಕೊಂದು ಸಂಖ್ಯೆ. ಇದರಲ್ಲಿ 700 ಅಂದರೆ ಬ್ಯಾಂಡ್ 28. ಕೆಲವು ಹಳೆಯ ಫೋನ್‌ಗಳಲ್ಲಿ ಈ ಬ್ಯಾಂಡೇ ಇರುವುದಿಲ್ಲ. ಫೋನಿನ ಸ್ಪೆಸಿಫಿಕೇಷನ್‌ನಲ್ಲಿ ಎಲ್‌ಟಿಇ (ಅಂದರೆ 4ಜಿ) ಬ್ಯಾಂಡ್‌ಗಳ ಪಟ್ಟಿಯಲ್ಲಿ 28 ಇದೆಯೇ ನೋಡಿಕೊಳ್ಳಿ.

ಎರಡು ಸಿಮ್ ಇರುವ ಫೋನಿನಲ್ಲಿ ಡೇಟಾ ಒಂದು ಸಿಮ್‌ನಲ್ಲಿದ್ದು ಕರೆ ಇನ್ನೊಂದಕ್ಕೆ ಬಂದರೆ, ಬಹಳಷ್ಟು ಫೋನ್‌ಗಳಲ್ಲಿ ಡೇಟಾ ನಿಂತುಬಿಡುತ್ತದೆ. ಮೀಟಿಂಗ್ ನಡುವೆ ‘ಇದ್ದಕ್ಕಿದ್ದಂತೆ ಕಟ್ ಆಯಿತು’ ಎನ್ನುವ ಎಷ್ಟೋ ಸಲ ಕಾರಣ ಇಷ್ಟೇ. ಕೊನೆಯದಾಗಿ, ಅದೇ ಸಿಮ್ಮನ್ನು ಇನ್ನೊಂದು ಫೋನಿಗೆ ಹಾಕಿ ಅದೇ ಜಾಗದಲ್ಲಿ ನೋಡಿ. ಅಲ್ಲಿ ಚೆನ್ನಾಗಿ ಓಡಿದರೆ ಮುಂದಿನದನ್ನು ಓದುವ ಅಗತ್ಯವಿಲ್ಲ.

ಅಳೆಯುವುದು

ಆಂಡ್ರಾಯ್ಡ್‌ನಲ್ಲಿ ಡಯಲ್ ಪ್ಯಾಡ್ ತೆರೆದು *#*#4636#*#* ಒತ್ತಿದರೆ ಅನೇಕ ಫೋನ್‌ಗಳಲ್ಲಿ ಫೋನ್ ಮಾಹಿತಿಯ ಪುಟ ತೆರೆಯುತ್ತದೆ. ಸ್ಯಾಮ್‌ಸಂಗ್‌ನಲ್ಲಿ *#0011#, ಐಫೋನ್‌ನಲ್ಲಿ *3001#12345#* ಹಾಕಿ ಕರೆ ಗುಂಡಿ ಒತ್ತಬೇಕು. ಇವು ತೆರೆಯದಿದ್ದರೆ ನೆಟ್‌ಮಾನ್‌ಸ್ಟರ್ ಅಥವಾ ಸೆಲ್‌ಮ್ಯಾಪರ್ ಆ್ಯಪ್ ಹಾಕಿಕೊಳ್ಳಿ. ಬೇಕಾದ್ದು ಎರಡೇ ಅಂಕಿ.

ಒಂದು ಆರ್‌ಎಸ್‌ಆರ್‌ಪಿ. ಇದು ಸಿಗ್ನಲ್ ಎಷ್ಟು ಗಟ್ಟಿ ಎಂಬುದರ ಅಳತೆ, ಡಿಬಿಎಂ ಲೆಕ್ಕದಲ್ಲಿ, ಯಾವಾಗಲೂ ಮೈನಸ್. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. −90ಕ್ಕಿಂತ ಮೇಲಿದ್ದರೆ ಚಿಂತೆಯಿಲ್ಲ. −90ರಿಂದ −105ರ ನಡುವೆ ಕೆಲಸ ನಡೆಯುತ್ತದೆ. −110ಕ್ಕಿಂತ ಕೆಳಗಿಳಿದರೆ ಕಷ್ಟ ಶುರು. −120ರ ಹತ್ತಿರ ವಾಟ್ಸ್‌ಆ್ಯಪ್ ಮೆಸೇಜ್ ಹೋದರೆ ಪುಣ್ಯ.

ಇನ್ನೊಂದು ಎಸ್‌ಐಎನ್‌ಆರ್. ಕೆಲವು ಪುಟಗಳಲ್ಲಿ ಎಸ್‌ಎನ್‌ಆರ್ ಎಂದಿರುತ್ತದೆ. ನಮಗೆ ಬೇಕಾದ ಸಿಗ್ನಲ್ ಉಳಿದ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬುದು ಇದು. 20 ಡಿಬಿ ಇದ್ದರೆ ಬಹಳ ಚೆನ್ನ, 10ರ ಆಸುಪಾಸು ಸಾಕು, 3ಕ್ಕಿಂತ ಕೆಳಗೆ ಎಳೆದಾಟ, ಸೊನ್ನೆಗಿಂತ ಕೆಳಗಾದರೆ ಗದ್ದಲವೇ ಸಿಗ್ನಲ್ಲಿಗಿಂತ ಜೋರು. ಸಂತೆಯಲ್ಲಿ ನಿಂತವರಿಗೆ ಎದುರಿನವರು ಎಷ್ಟು ಕೂಗಿದರೂ ಕೇಳಿಸದ ಹಾಗೆ. ವೇಗವನ್ನು ನಿರ್ಧರಿಸುವುದರಲ್ಲಿ ಈ ಎರಡನೆಯ ಅಂಕಿಯದೇ ಮೇಲುಗೈ. ಜನ ನೋಡುವುದು ಮಾತ್ರ ಮೊದಲನೆಯದನ್ನು.

ಈಗ ಒಂದು ಹಾಳೆ, ಪೆನ್ನು ಹಿಡಿದು ಮನೆ ಸುತ್ತಿ. ಜಗಲಿ, ನಡುಮನೆ, ಅಡುಗೆಮನೆ, ಅಟ್ಟ, ಅಂಗಳದ ನಾಲ್ಕು ಮೂಲೆ. ಪ್ರತಿ ಜಾಗದಲ್ಲೂ ಫೋನನ್ನು ಕೈಯಲ್ಲಿ ಹಿಡಿಯದೆ ಮೇಜು ಅಥವಾ ಕಿಟಕಿಯ ಮೇಲಿಟ್ಟು ಒಂದು ನಿಮಿಷ ಬಿಡಿ. ಅಂಗೈ ಆಂಟೆನಾ ಮೇಲೆ ಬಿದ್ದರೆ ಕೆಲವು ಡಿಬಿ ಅಲ್ಲೇ ಹೋಗುತ್ತದೆ. ಒಂದು ನಿಮಿಷದಲ್ಲಿ ಅಂಕಿ ಮೂರ್ನಾಲ್ಕು ಡಿಬಿ ಏರಿಳಿಯುವುದು ಸಹಜ, ನಡುವಿನದನ್ನು ಬರೆದುಕೊಳ್ಳಿ. ಜೊತೆಗೆ ಸೆಲ್ ಐಡಿಯನ್ನೂ ಬರೆಯಿರಿ. 4ಜಿಯಲ್ಲಿ ಆ ಸಂಖ್ಯೆಯನ್ನು 256ರಿಂದ ಭಾಗಿಸಿದರೆ ಬರುವ ಪೂರ್ಣಾಂಕ ಟವರ್‌ನ ಗುರುತು, ಉಳಿದ ಶೇಷ ಆ ಟವರ್‌ನ ಯಾವ ಸೆಲ್ ಎಂಬುದು. ಉದಾಹರಣೆಗೆ 182530 ಇದ್ದರೆ ಟವರ್ 713, ಶೇಷ 2. ಅಂಗಳದಲ್ಲಿ ಒಂದು ಟವರ್, ಅಟ್ಟದಲ್ಲಿ ಇನ್ನೊಂದು ಹಿಡಿಯುತ್ತಿದ್ದರೆ ಇದರಿಂದಲೇ ತಿಳಿಯುವುದು.

ಕೊನೆಗೆ ಪಟ್ಟಿ ಹೀಗಿರಬಹುದು ಅಂದುಕೊಳ್ಳಿ: ಜಗಲಿಯಲ್ಲಿ −112, ಎಸ್‌ಐಎನ್‌ಆರ್ 2. ಅಂಗಳದ ತುದಿಯಲ್ಲಿ −97, ಎಸ್‌ಐಎನ್‌ಆರ್ 4. ಅಟ್ಟದಲ್ಲಿ −102, ಎಸ್‌ಐಎನ್‌ಆರ್ 11. ಕಡ್ಡಿ ನೋಡಿದವರು ಅಂಗಳಕ್ಕೆ ಓಡುತ್ತಾರೆ. ಸರಿಯಾದ ಜಾಗ ಅಟ್ಟ. ಅಂಗಳದಲ್ಲಿ ಎರಡು ಮೂರು ಟವರ್‌ಗಳು ಸಮಸಮವಾಗಿ ಬಿದ್ದು ಒಂದನ್ನೊಂದು ಕೆಡಿಸುತ್ತಿವೆ. ಅಟ್ಟದಲ್ಲಿ ಹಿಂದಿನ ಗೋಡೆ ಮತ್ತು ಗುಡ್ಡ ಬೇಡದ ಟವರನ್ನು ಮರೆಮಾಡಿವೆ. ಮಲೆನಾಡಿನ ಗುಡ್ಡ ಎಲ್ಲ ಸಲವೂ ಶತ್ರುವಲ್ಲ.

ಸ್ಪೀಡ್ ಟೆಸ್ಟನ್ನು ಮೂರು ಹೊತ್ತು ಮಾಡಿ: ಬೆಳಗಿನ ಜಾವ 5ಕ್ಕೆ, ಮಧ್ಯಾಹ್ನ, ರಾತ್ರಿ 9ಕ್ಕೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಸಾಕು. ಡೌನ್‌ಲೋಡ್, ಅಪ್‌ಲೋಡ್, ಪಿಂಗ್ (ಒಂದು ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು) ಮೂರನ್ನೂ ಬರೆಯಿರಿ. ಆ್ಯಪ್ ತೋರಿಸುವುದು ಮೆಗಾಬಿಟ್. ಫೈಲ್ ಇಳಿಯುವಾಗ ಕಂಪ್ಯೂಟರ್ ತೋರಿಸುವುದು ಮೆಗಾಬೈಟ್. ಎಂಟರಿಂದ ಭಾಗಿಸದೆ ‘ಹದಿನಾರು ಬರುತ್ತದೆ ಅಂದರು, ಎರಡೇ ಬರುತ್ತಿದೆ’ ಎಂದು ಜಗಳವಾಡಿದರೆ ತಪ್ಪು ನಮ್ಮದೇ.

ಆರ್‌ಎಸ್‌ಆರ್‌ಪಿ, ಎಸ್‌ಐಎನ್‌ಆರ್ ಮೂರು ಹೊತ್ತೂ ಹೆಚ್ಚುಕಮ್ಮಿ ಒಂದೇ ಇದ್ದು ಬೆಳಗ್ಗೆ 30 ಎಂಬಿಪಿಎಸ್, ರಾತ್ರಿ 1 ಎಂಬಿಪಿಎಸ್ ಬಂದರೆ ಅದು ಟವರ್ ಮೇಲಿನ ದಟ್ಟಣೆ. ಎಷ್ಟು ದೊಡ್ಡ ಆಂಟೆನಾ ಕಟ್ಟಿದರೂ ಅದು ಹೆಚ್ಚೇನೂ ಕರಗುವುದಿಲ್ಲ. ಬೇರೆ ಬ್ಯಾಂಡ್, ಬೇರೆ ಟವರ್, ಬೇರೆ ಕಂಪನಿ, ಇಲ್ಲವೇ ಬೇರೆ ಹೊತ್ತು. ಇರುವ ದಾರಿ ಅಷ್ಟೇ.

ಯಾವ ಬ್ಯಾಂಡ್ ಹಿಡಿದಿದೆ

ಒಂದೇ ಟವರ್‌ನಿಂದ ಎರಡು ಮೂರು ಬ್ಯಾಂಡ್ ಬರುತ್ತಿರುತ್ತವೆ. ಜಿಯೋ 4ಜಿಯಲ್ಲಿ 850 (ಬ್ಯಾಂಡ್ 5), 1800 (ಬ್ಯಾಂಡ್ 3), 2300 (ಬ್ಯಾಂಡ್ 40) ಇವೆ. ಏರ್‌ಟೆಲ್‌ನವರು 900 (ಬ್ಯಾಂಡ್ 8), 1800, 2100 (ಬ್ಯಾಂಡ್ 1), 2300 ಬಳಸುತ್ತಾರೆ. ಆ್ಯಪ್ ನೇರವಾಗಿ ಬ್ಯಾಂಡ್ ಹೇಳದೆ ‘ಇಎಆರ್‌ಎಫ್‌ಸಿಎನ್’ ಎಂಬ ಸಂಖ್ಯೆ ತೋರಿಸಿದರೆ ಹೀಗೆ ಓದಿ: 0–599 ಬ್ಯಾಂಡ್ 1, 1200–1949 ಬ್ಯಾಂಡ್ 3, 2400–2649 ಬ್ಯಾಂಡ್ 5, 3450–3799 ಬ್ಯಾಂಡ್ 8, 9210–9659 ಬ್ಯಾಂಡ್ 28, 38650–39649 ಬ್ಯಾಂಡ್ 40.

ಕಡಿಮೆ ಫ್ರೀಕ್ವೆನ್ಸಿ ದೂರ ಹೋಗುತ್ತದೆ, ಗುಡ್ಡದ ಅಂಚನ್ನು ಬಳಸಿ ಬಾಗುತ್ತದೆ, ಗೋಡೆ ದಾಟುತ್ತದೆ. ಬಯಲಿನಲ್ಲೇ ಲೆಕ್ಕ ಹಾಕಿದರೂ ಅದೇ ದೂರಕ್ಕೆ 700ಕ್ಕಿಂತ 2300ರಲ್ಲಿ ಸುಮಾರು 10 ಡಿಬಿ ಹೆಚ್ಚು ನಷ್ಟ. ಅಡಿಕೆ ತೋಟ, ಕಾಡು ಅಡ್ಡ ಬಂದರೆ ಇನ್ನೂ ಹೆಚ್ಚು. ಆದರೆ ಕಡಿಮೆ ಬ್ಯಾಂಡ್‌ನಲ್ಲಿ ರಸ್ತೆ ಕಿರಿದು. 5 ಮೆಗಾಹರ್ಟ್ಸ್ ಅಗಲದ 4ಜಿ ಸೆಲ್‌ನ ಒಟ್ಟು ಗರಿಷ್ಠ ಸಾಮರ್ಥ್ಯವೇ ಸುಮಾರು 37 ಎಂಬಿಪಿಎಸ್. 20 ಮೆಗಾಹರ್ಟ್ಸ್‌ನದು 150. ಇದನ್ನು ಆ ದಿಕ್ಕಿನ ಊರವರೆಲ್ಲ ಹಂಚಿಕೊಳ್ಳಬೇಕು. ಹಾಗಾಗಿ ಬ್ಯಾಂಡ್ 5 ಯಾವಾಗಲೂ ಕಿಕ್ಕಿರಿದಿರುತ್ತದೆ, ಬ್ಯಾಂಡ್ 40 ಸಿಕ್ಕಿದ ಕಡೆ ಓಡುತ್ತದೆ.

ಇಲ್ಲೊಂದು ಎಡವಟ್ಟಿದೆ, ಮತ್ತು ಮನೆಯಿಂದ ಕೆಲಸ ಮಾಡುವವರು ಹೆಚ್ಚು ಸಿಕ್ಕಿಬೀಳುವುದು ಇಲ್ಲೇ. ಟವರ್ ಹತ್ತಾರು ವ್ಯಾಟ್‌ನಲ್ಲಿ ಕೂಗುತ್ತದೆ. ನಮ್ಮ ಫೋನ್ ಉತ್ತರಿಸುವುದು ಹೆಚ್ಚೆಂದರೆ 200 ಮಿಲಿವ್ಯಾಟ್‌ನಲ್ಲಿ. ಟವರ್‌ನ ಕೂಗು ನಮಗೆ ಕೇಳಿಸಿದಷ್ಟು ನಮ್ಮ ಪಿಸುಮಾತು ಅದಕ್ಕೆ ಕೇಳಿಸುವುದಿಲ್ಲ. ಆದ್ದರಿಂದ ಅಂಚಿನ ಜಾಗದಲ್ಲಿ ಮೊದಲು ಸಾಯುವುದು ಅಪ್‌ಲೋಡ್. ಬ್ಯಾಂಡ್ 40ರಲ್ಲಿ ಇದು ಇನ್ನೂ ಕೆಡುತ್ತದೆ. ಅಲ್ಲಿ ಡೌನ್‌ಲೋಡ್, ಅಪ್‌ಲೋಡ್ ಎರಡೂ ಒಂದೇ ಫ್ರೀಕ್ವೆನ್ಸಿಯಲ್ಲಿ ಸರದಿಯ ಮೇಲೆ ನಡೆಯುತ್ತವೆ, ಸರದಿಯ ದೊಡ್ಡ ಪಾಲು ಡೌನ್‌ಲೋಡ್‌ಗೆ. ಯೂಟ್ಯೂಬ್ ಸೊಗಸಾಗಿ ಓಡುತ್ತದೆ, ಮೀಟಿಂಗ್‌ನಲ್ಲಿ ಮಾತ್ರ ‘ನಿಮ್ಮ ದನಿ ಒಡೀತಿದೆ’ ಅನ್ನುತ್ತಾರೆ. ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ 15, ಅಪ್‌ಲೋಡ್ 0.3 ಬಂದರೆ ಇದೇ ರೋಗ. ಬ್ಯಾಂಡ್ 3 ಅಥವಾ 5ಕ್ಕೆ ಹೋದರೆ ಡೌನ್‌ಲೋಡ್ 6ಕ್ಕೆ ಇಳಿದು ಅಪ್‌ಲೋಡ್ 2ಕ್ಕೆ ಏರಬಹುದು. ಮೀಟಿಂಗ್‌ಗೆ ಬೇಕಾದ್ದು ಅದೇ. ಇಬ್ಬರ ನಡುವಿನ ಚೆಂದದ ವಿಡಿಯೋ ಕರೆಗೆ ಝೂಮ್ ಕೇಳುವುದು 600 ಕೆಬಿಪಿಎಸ್, 720ಪಿಗೆ 1.2 ಎಂಬಿಪಿಎಸ್, ಬರೀ ಮಾತಿಗೆ 60ರಿಂದ 80 ಕೆಬಿಪಿಎಸ್. ಅಷ್ಟು ನಿಂತು ಬಂದರೆ ಸಾಕು.

ಬ್ಯಾಂಡ್ ಬದಲಿಸುವುದು ಹೇಗೆ? ಅನೇಕ 4ಜಿ ರೂಟರ್‌ಗಳ ಸೆಟ್ಟಿಂಗ್ ಪುಟದಲ್ಲಿ ಬೇಕಾದ ಬ್ಯಾಂಡನ್ನು ಆರಿಸಿ ಬೀಗ ಹಾಕಬಹುದು. ಫೋನ್‌ಗಳಲ್ಲಿ ಈ ಸೌಲಭ್ಯ ಅಪರೂಪ. ಅಲ್ಲಿ ಇರುವ ಉಪಾಯ ಏರೋಪ್ಲೇನ್ ಮೋಡ್ ಹಾಕಿ ಹತ್ತು ಸೆಕೆಂಡ್ ಬಿಟ್ಟು ತೆಗೆಯುವುದು. ಫೋನ್ ಹೊಸದಾಗಿ ಸೆಲ್ ಹುಡುಕುತ್ತದೆ, ಬೇರೆಯದು ಸಿಕ್ಕರೂ ಸಿಗಬಹುದು. 4636 ಪುಟದಲ್ಲಿ ‘ಎಲ್‌ಟಿಇ ಓನ್ಲಿ’ ಆರಿಸಿದರೆ 2ಜಿಗೆ ಜಾರುವುದು ತಪ್ಪುತ್ತದೆ. ಆದರೆ ವೋಲ್ಟಿಇ (4ಜಿಯಲ್ಲೇ ಕರೆ ಮಾಡುವ ಸೌಲಭ್ಯ) ಆನ್ ಆಗಿಲ್ಲದಿದ್ದರೆ ಕರೆಗಳೇ ಬರುವುದಿಲ್ಲ, ನೆನಪಿರಲಿ.

5ಜಿ ಬಗ್ಗೆ ಎರಡೇ ಮಾತು. 3300 ಮೆಗಾಹರ್ಟ್ಸ್‌ನ 5ಜಿ ಟವರ್ ಎದುರಿಗೇ ಕಾಣುವವರಿಗೆ ವರ, ಗುಡ್ಡದಾಚೆಯವರಿಗೆ ಕಿರಿಕಿರಿ. ಫೋನ್ 4ಜಿಗೂ 5ಜಿಗೂ ನಡುವೆ ಲಾಗ ಹಾಕುತ್ತ ಪ್ರತಿ ಸಲವೂ ಒಂದೆರಡು ಸೆಕೆಂಡ್ ತಡೆಯುತ್ತದೆ. ಸೆಟ್ಟಿಂಗ್‌ನಲ್ಲಿ 4ಜಿಗೆ ಇಳಿಸಿ ಒಂದು ದಿನ ನೋಡಿ.

ರೂಟರ್ ಎಲ್ಲಿಡಬೇಕು

ಒಣಗಿದ ಮಂಗಳೂರು ಹೆಂಚು ಸಿಗ್ನಲ್ಲಿಗೆ ಅಷ್ಟೇನೂ ಅಡ್ಡಿ ಮಾಡುವುದಿಲ್ಲ. ಮಳೆಯಲ್ಲಿ ನೆಂದಾಗ ತುಸು ಹೆಚ್ಚು ನುಂಗುತ್ತದೆ. ಚಿರೆಕಲ್ಲಿನ ದಪ್ಪ ಗೋಡೆ, ಆರ್‌ಸಿಸಿ ತಾರಸಿ ಚೆನ್ನಾಗಿಯೇ ನುಂಗುತ್ತವೆ. ತಗಡಿನ ಶೀಟು ಪೂರ್ತಿ ಪ್ರತಿಫಲಿಸುತ್ತದೆ. ಹೆಂಚು ತೆಗೆದು ಜಿಂಕ್ ಶೀಟ್ ಹೊದಿಸಿದ ಮೇಲೆ ‘ಸಿಗ್ನಲ್ ಹೋಯ್ತು’ ಅನ್ನುವುದು ಭ್ರಮೆಯಲ್ಲ. ಅಂಥ ಮನೆಯಲ್ಲಿ ರೂಟರನ್ನು ಟವರ್ ಕಡೆಯ ಕಿಟಕಿಗೇ ಇಡಬೇಕು. ಕಿಟಕಿಗೆ ಕಬ್ಬಿಣದ ಜಾಲರಿ ಇದ್ದರೆ ಅದೂ ತಡೆಯೇ.

ಟವರ್ ಯಾವ ದಿಕ್ಕು ಎಂದು ತಿಳಿಯಲು ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದ ನಕ್ಷೆ ನೋಡಿ. ಹತ್ತಿರದ ಟವರೇ ನಿಮ್ಮದಾಗಬೇಕೆಂದಿಲ್ಲ. ನಡುವೆ ಗುಡ್ಡ ಅಡ್ಡವಿರುವ 1 ಕಿ.ಮೀ. ಟವರಿಗಿಂತ ಕಣಿವೆಯುದ್ದಕ್ಕೂ ಬಯಲಾಗಿ ಕಾಣುವ 5 ಕಿ.ಮೀ. ಟವರ್ ಉತ್ತಮ.

ಆಂಟೆನಾ ಕಟ್ಟುವುದಾದರೆ

ಅಟ್ಟದಲ್ಲೂ −110ರ ಆಸುಪಾಸೇ ಇದ್ದರೆ ಹೊರಗೆ ದಿಕ್ಕಿನ ಆಂಟೆನಾ ಬೇಕು. ಹೊರ ಆಂಟೆನಾಕ್ಕೆ ಕಿಂಡಿ ಇರುವ 4ಜಿ ರೂಟರ್ ಕೊಳ್ಳಿ. ಹುಷಾರು: ಎಷ್ಟೋ ರೂಟರ್‌ಗಳ ಮೈಮೇಲೆ ಕಾಣುವ ಕಡ್ಡಿಗಳು ವೈಫೈನವು, 4ಜಿಯವಲ್ಲ. 4ಜಿ ಕಿಂಡಿ ಸಾಮಾನ್ಯವಾಗಿ ಎಸ್‌ಎಂಎ, ಪುಟ್ಟ ಹಾಟ್‌ಸ್ಪಾಟ್‌ಗಳಲ್ಲಿ ಟಿಎಸ್9. ವೈಫೈನದು ಆರ್‌ಪಿ–ಎಸ್‌ಎಂಎ. ಎರಡೂ ನೋಡಲು ಒಂದೇ, ತಿರುಪಿಗೆ ತಿರುಪೂ ಕೂರುತ್ತದೆ, ಆದರೆ ನಡುವಿನ ಸೂಜಿ ತಾಗುವುದಿಲ್ಲ. ‘ಆಂಟೆನಾ ಹಾಕಿದರೂ ವ್ಯತ್ಯಾಸವಿಲ್ಲ’ ಎಂಬ ದೂರಿನ ಹಿಂದೆ ಇದೂ ಇರುತ್ತದೆ. ಇನ್ನು ಕೆಲವು ರೂಟರ್‌ಗಳಲ್ಲಿ ಸೆಟ್ಟಿಂಗ್‌ಗೆ ಹೋಗಿ ‘ಹೊರ ಆಂಟೆನಾ’ ಎಂದು ಆರಿಸದ ಹೊರತು ಒಳಗಿನದೇ ನಡೆಯುತ್ತಿರುತ್ತದೆ.

4ಜಿ ಎರಡು ಹೊಳೆಯಲ್ಲಿ ಹರಿಯುತ್ತದೆ. ಹಾಗಾಗಿ ಎರಡು ಆಂಟೆನಾ, ಎರಡು ಕೇಬಲ್. ಒಂದನ್ನು 45 ಡಿಗ್ರಿ ಎಡಕ್ಕೆ, ಇನ್ನೊಂದನ್ನು 45 ಡಿಗ್ರಿ ಬಲಕ್ಕೆ ವಾಲಿಸಿ, ಎರಡನ್ನೂ ಒಂದೇ ಟವರಿಗೆ ಮುಖ ಮಾಡಿ. ಎರಡೂ ಒಂದೇ ಡಬ್ಬಿಯಲ್ಲಿರುವ ಪ್ಯಾನೆಲ್ ಆಂಟೆನಾ ಸಿಕ್ಕರೆ ಕೆಲಸ ಸುಲಭ.

ದುಡ್ಡು ಹಾಳಾಗುವುದು ಕೇಬಲ್‌ನಲ್ಲಿ. ಪೇಟೆಯಲ್ಲಿ ಸುಲಭಕ್ಕೆ ಸಿಗುವ ತೆಳ್ಳನೆಯ ಕಪ್ಪು ಆರ್‌ಜಿ–58 ಕೇಬಲ್ 2300 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಹೆಚ್ಚುಕಮ್ಮಿ 1 ಡಿಬಿ ನುಂಗುತ್ತದೆ. ಸಿಗ್ನಲ್ಲನ್ನು 10 ಡಿಬಿ ಹೆಚ್ಚಿಸುವ (10 ಡಿಬಿಐ) ಆಂಟೆನಾಕ್ಕೆ 10 ಮೀಟರ್ ಆರ್‌ಜಿ–58 ಹಾಕಿದರೆ ಗಳಿಸಿದ್ದೆಲ್ಲ ತಂತಿಯಲ್ಲೇ ಆವಿ. ಎಲ್‌ಎಂಆರ್–400 ಆದರೆ 10 ಮೀಟರಿಗೆ 2.2 ಡಿಬಿಯಷ್ಟೇ. ಆದರೆ ಅದು ಕಿರುಬೆರಳು ದಪ್ಪ, ಬಿರುಸು, ಬೆಲೆಯೂ ಹೆಚ್ಚು, ಜೊತೆಗೆ ಅದರ ಭಾರಕ್ಕೆ ರೂಟರಿನ ಪುಟ್ಟ ಕಿಂಡಿ ಮುರಿಯುತ್ತದೆ.

ಇದಕ್ಕಿಂತ ಜಾಣತನ ಇನ್ನೊಂದಿದೆ: ರೂಟರನ್ನೇ ಆಂಟೆನಾದ ಬುಡಕ್ಕೆ ಒಯ್ಯುವುದು. ಆಂಟೆನಾ ಕೇಬಲ್ ಒಂದೆರಡು ಮೀಟರಿಗೆ ಮುಗಿಯಲಿ. ಅಲ್ಲಿಂದ ಮನೆಯೊಳಕ್ಕೆ ಕ್ಯಾಟ್–6 ನೆಟ್‌ವರ್ಕ್ ಕೇಬಲ್ ಎಳೆಯಿರಿ. ಅದು 100 ಮೀಟರ್‌ವರೆಗೆ ಒಂದು ಹನಿಯೂ ಚೆಲ್ಲದೆ ತರುತ್ತದೆ, ಪಿಒಇ ಇದ್ದರೆ ಕರೆಂಟನ್ನೂ ಅದೇ ತಂತಿಯಲ್ಲಿ ಕಳಿಸಬಹುದು. ಆಂಟೆನಾವೂ ಮೋಡೆಮ್ಮೂ ಒಂದೇ ಪೆಟ್ಟಿಗೆಯಲ್ಲಿರುವ ಹೊರಾಂಗಣ ಸಾಧನಗಳ ಉಪಾಯವೂ ಇದೇ. ಸಾಮಾನ್ಯ ರೂಟರನ್ನು ತಗಡಿನ ಅಡಿಯ ಅಟ್ಟದಲ್ಲಿಡುವುದಾದರೆ ಏಪ್ರಿಲ್ ಬಿಸಿಲನ್ನು ಮರೆಯಬೇಡಿ. ಮನೆ ಬಳಕೆಯ ರೂಟರ್‌ಗಳ ಮಿತಿ ಸಾಮಾನ್ಯವಾಗಿ 40 ಡಿಗ್ರಿ. ಕಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಇಲ್ಲವೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ.

ಕಂಬಕ್ಕೆ ಒಂದೂವರೆ ಅಂಗುಲದ ಜಿಐ ಪೈಪ್ ಹಾಕಿ. ಅಡಿಕೆ ಮರಕ್ಕೆ ಕಟ್ಟಬೇಡಿ. ಎತ್ತರ ಪುಕ್ಕಟೆ ಸಿಕ್ಕಿತೆಂದು ಕಾಣುತ್ತದೆ, ಆದರೆ ಗಾಳಿಗೆ ಮರ ತೂಗಿದಂತೆ ಆಂಟೆನಾದ ಮುಖವೂ ತೂಗುತ್ತದೆ.

ದಿಕ್ಕು ಹೊಂದಿಸುವಾಗ ಇಬ್ಬರು ಬೇಕು: ಒಬ್ಬರು ಮೇಲೆ, ಒಬ್ಬರು ರೂಟರಿನ ಪುಟದ ಮುಂದೆ.

1. ಒಂದು ಬ್ಯಾಂಡಿಗೆ ಬೀಗ ಹಾಕಿ. ಇಲ್ಲದಿದ್ದರೆ ತಿರುಗಿಸಿದ ಹಾಗೆಲ್ಲ ಬ್ಯಾಂಡ್ ಜಿಗಿದು ಅಳತೆ ಹೊಂದುವುದಿಲ್ಲ.
2. ಟವರ್ ಇರುವ ಅಂದಾಜಿನ ದಿಕ್ಕಿನಿಂದ ಶುರುಮಾಡಿ, ಪ್ರತಿ ಸಲ 15 ಡಿಗ್ರಿ ತಿರುಗಿಸಿ.
3. ಒಂದೊಂದು ನಿಲುವಿನಲ್ಲೂ ಒಂದು ನಿಮಿಷ ಕಾಯಿರಿ. ಎಸ್‌ಐಎನ್‌ಆರ್, ಆರ್‌ಎಸ್‌ಆರ್‌ಪಿ, ಸೆಲ್ ಐಡಿ ಬರೆಯಿರಿ.
4. ಎಸ್‌ಐಎನ್‌ಆರ್ ಅತಿ ಹೆಚ್ಚಿರುವ ನಿಲುವಿಗೆ ಮರಳಿ, ಅದರ ಅಕ್ಕಪಕ್ಕ 5 ಡಿಗ್ರಿಯಂತೆ ನೋಡಿ ಬಿಗಿ ಮಾಡಿ.
5. ಅದೇ ದಿನ ರಾತ್ರಿ 9ಕ್ಕೆ ಸ್ಪೀಡ್ ಟೆಸ್ಟ್ ಮಾಡಿ. ಬೆಳಗ್ಗೆ ಚೆಂದ ಕಂಡ ಟವರ್ ರಾತ್ರಿ ತುಂಬಿರಬಹುದು. ಆಗ ಎರಡನೇ ಸ್ಥಾನದ ನಿಲುವೇ ವಾಸಿ.

ಗುಡುಗಿನ ಕಾಲಕ್ಕೆ ತಯಾರಿ ಕಡ್ಡಾಯ. ಕಂಬದಿಂದ ದಪ್ಪ ತಾಮ್ರದ ತಂತಿ ಇಳಿಸಿ ಅರ್ಥಿಂಗ್ ಮಾಡಿ, ಕೇಬಲ್ ಮನೆಯೊಳಗೆ ಬರುವಲ್ಲಿ ಸರ್ಜ್ ಅರೆಸ್ಟರ್ ಹಾಕಿ. ಆದರೂ ಮಿಂಚು ಹತ್ತಿರ ಬಿದ್ದರೆ ಇವು ಪೂರ್ತಿ ಕಾಯುವುದಿಲ್ಲ. ಏಪ್ರಿಲ್–ಮೇ ತಿಂಗಳ ಸಂಜೆ ಮೋಡ ಕಟ್ಟುವಾಗಲೇ, ಗುಡುಗು ಕೇಳುವ ಮೊದಲೇ, ಪ್ಲಗ್ ಮತ್ತು ಮನೆಯೊಳಗಿನ ನೆಟ್‌ವರ್ಕ್ ಕೇಬಲ್ ಎರಡನ್ನೂ ಕಳಚಿ. ಪ್ಲಗ್ ಮಾತ್ರ ಕಿತ್ತರೆ ಮಿಂಚು ಕೇಬಲ್ ಹಿಡಿದು ಲ್ಯಾಪ್‌ಟಾಪಿಗೆ ಬರುತ್ತದೆ.

‘ಸಿಗ್ನಲ್ ಬೂಸ್ಟರ್’ ಎಂದು ಮಾರುವ ಪೆಟ್ಟಿಗೆಗಳ ತಂಟೆಗೆ ಹೋಗಬೇಡಿ. ಅವು ಸಿಗ್ನಲ್ಲಿನ ಜೊತೆ ಗದ್ದಲವನ್ನೂ ದೊಡ್ಡದು ಮಾಡಿ ಟವರಿನತ್ತ ಎರಚುತ್ತವೆ. ಊರಿಗೆಲ್ಲ ನೆಟ್ ಕೆಡುತ್ತದೆ. ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು, ಮಾರುವುದು ಕಾನೂನಿನ ಪ್ರಕಾರ ಅಪರಾಧ. ನಿಮ್ಮ ರೂಟರಿಗೆ ಸಿಕ್ಕಿಸುವ ಬರೀ ಆಂಟೆನಾ ಈ ಸಾಲಿಗೆ ಸೇರುವುದಿಲ್ಲ.

ಮನೆಯೊಳಗೆ ಸೋರುವುದು

ಫೋನಿನಿಂದ ಲ್ಯಾಪ್‌ಟಾಪಿಗೆ ನೆಟ್ ಕೊಡುವಾಗ ಹಾಟ್‌ಸ್ಪಾಟ್‌ಗಿಂತ ಯುಎಸ್‌ಬಿ ಟೆದರಿಂಗ್ ಒಳ್ಳೆಯದು. ವೈಫೈ ಕೊಂಡಿಯೇ ಇಲ್ಲವಾದ್ದರಿಂದ ಪಿಂಗ್ ಸ್ಥಿರ, ಫೋನ್ ಚಾರ್ಜೂ ಆಗುತ್ತದೆ. ಐದು ಮೀಟರಿನ ಒಳ್ಳೆಯ ಯುಎಸ್‌ಬಿ ತಂತಿ ಇದ್ದರೆ ಫೋನ್ ಕಿಟಕಿಯಲ್ಲಿ, ನೀವು ಮೇಜಿನ ಮುಂದೆ.

ಅಪ್‌ಲೋಡ್ ಮೊದಲೇ ಬಡವ ಎಂದು ಹೇಳಿದೆವು. ಅದನ್ನು ಕದ್ದು ತಿನ್ನುವವರು ಮನೆಯಲ್ಲೇ ಇರುತ್ತಾರೆ. ಮಧ್ಯಾಹ್ನ ಯಾರೋ ಮದುವೆಯ ಇನ್ನೂರು ಫೋಟೋ ತೆಗೆದುಕೊಂಡು ಬಂದು ವೈಫೈಗೆ ಸೇರಿದರು, ಗೂಗಲ್ ಫೋಟೋಸ್ ಬ್ಯಾಕಪ್ ಶುರುವಾಯಿತು, ನಿಮ್ಮ ಮೀಟಿಂಗ್ ಸತ್ತಿತು. ಆಗ ಡೌನ್‌ಲೋಡ್ ಕೂಡ ನಿಧಾನವಾಗುವುದನ್ನು ಗಮನಿಸಿ. ಪ್ರತಿ ಡೌನ್‌ಲೋಡಿಗೂ ‘ತಲುಪಿತು’ ಎಂಬ ಚಿಕ್ಕ ರಸೀದಿ ಅಪ್‌ಲೋಡ್ ದಾರಿಯಲ್ಲೇ ಹೋಗಬೇಕು. ಫೋಟೋಗಳ ಸಾಲಿನ ಹಿಂದೆ ರಸೀದಿಗಳೂ ಮಾತಿನ ತುಣುಕುಗಳೂ ಕ್ಯೂ ನಿಲ್ಲುತ್ತವೆ. ಪಿಂಗ್ 50 ಮಿಲಿಸೆಕೆಂಡ್ ಇದ್ದದ್ದು 1000 ದಾಟುತ್ತದೆ. ಪರೀಕ್ಷಿಸುವುದು ಸುಲಭ: ಒಂದು ದೊಡ್ಡ ಫೈಲ್ ಅಪ್‌ಲೋಡ್‌ಗೆ ಬಿಟ್ಟು ಪಿಂಗ್ ನೋಡಿ.

ಮದ್ದು ಎರಡು ಥರ. ಬ್ಯಾಕಪ್, ಒನ್‌ಡ್ರೈವ್‌ಗಳನ್ನು ಹಗಲು ನಿಲ್ಲಿಸಿ. ವಿಂಡೋಸ್‌ನಲ್ಲಿ ಈ ವೈಫೈಯನ್ನು ‘ಮೀಟರ್ಡ್’ ಎಂದು ಗುರುತು ಹಾಕಿ. ಅಪ್‌ಡೇಟ್ ಸೆಟ್ಟಿಂಗ್‌ನ ‘ಡೆಲಿವರಿ ಆಪ್ಟಿಮೈಸೇಷನ್’ ಆಫ್ ಮಾಡಿ, ಇಲ್ಲದಿದ್ದರೆ ನಿಮ್ಮ ಕಂಪ್ಯೂಟರ್ ಬೇರೆಯವರಿಗೆ ಅಪ್‌ಡೇಟ್ ಹಂಚಲೂಬಹುದು. ಇದಕ್ಕಿಂತ ಪಕ್ಕಾ ದಾರಿ ಬೇಕಿದ್ದರೆ ರೂಟರಿನಲ್ಲಿ ಎಸ್‌ಕ್ಯೂಎಂ ಎಂಬ, ಕ್ಯೂ ನಿಭಾಯಿಸುವ ಸೌಲಭ್ಯ ಹುಡುಕಿ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಓಡುವ ರೂಟರ್‌ಗಳಲ್ಲಿ ಸೇರಿಸಿಕೊಳ್ಳಬಹುದು. ಕೆಲಸದ ಹೊತ್ತಿನಲ್ಲಿ ಸಿಗುವ ಕನಿಷ್ಠ ಅಪ್‌ಲೋಡ್ ವೇಗದ 80–85 ಶೇಕಡಾಕ್ಕೆ ಮಿತಿ ಇಡಿ. ಕ್ಯೂ ಟವರಿನ ದಾರಿಯಲ್ಲಿ ಬೆಳೆಯುವ ಬದಲು ನಮ್ಮ ರೂಟರಿನಲ್ಲೇ ನಿಂತು, ಮಾತಿನ ತುಣುಕುಗಳಿಗೆ ಮುಂದೆ ಜಾಗ ಸಿಗುತ್ತದೆ. ಗರಿಷ್ಠ ವೇಗ ತುಸು ಕಡಿಮೆಯಾಗುವುದು ನಿಜ, ಅದು ಸರಿಯಾದ ವ್ಯಾಪಾರವೇ.

ಲಿನಕ್ಸ್ ಬಳಸುವವರು ಬಿಬಿಆರ್ ಎಂಬ, ಕಳಿಸುವ ವೇಗ ನಿರ್ಧರಿಸುವ ವಿಧಾನ ಆನ್ ಮಾಡಿದರೆ, ತುಣುಕುಗಳು ಆಗಾಗ ಕಳೆದುಹೋಗುವ ಕೊಂಡಿಯಲ್ಲಿ ಮಾಮೂಲಿ ಕ್ಯೂಬಿಕ್‌ಗಿಂತ ಚೆನ್ನಾಗಿ ಹರಿಯುತ್ತದೆ. ಆದರೆ ಇದು ಕಳಿಸುವ ಕಡೆಯ ಮದ್ದು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಾಕಿದರೆ ಲಾಭ ಅಪ್‌ಲೋಡಿಗೆ ಮಾತ್ರ.

ಆಫೀಸಿನ ವಿಪಿಎನ್ ಕೂಡಿಕೊಳ್ಳುತ್ತದೆ, ಚಿಕ್ಕ ಪುಟ ತೆರೆಯುತ್ತದೆ, ದೊಡ್ಡ ಪುಟ ಅರ್ಧಕ್ಕೇ ನಿಲ್ಲುತ್ತದೆ; ಹೀಗಾದರೆ ಎಂಟಿಯು (ಒಂದು ತುಣುಕಿನ ಗರಿಷ್ಠ ಗಾತ್ರ) ಅನುಮಾನಿಸಿ. ಜಿಯೋದಲ್ಲಿ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರ ಸಂಚಾರ ಹೊಸ ಪದ್ಧತಿಯಾದ ಐಪಿವಿ6ಕ್ಕೆ ಮಾರ್ಪಟ್ಟು ಹೋಗುವುದರಿಂದ ಪ್ರತಿ ತುಣುಕಿಗೆ 20 ಬೈಟ್ ಹೆಚ್ಚು ಹೊರೆ. ಅದರ ಮೇಲೆ ವಿಪಿಎನ್ನಿನ ಹೊದಿಕೆ. ವಿಪಿಎನ್ ಸೆಟ್ಟಿಂಗ್‌ನಲ್ಲಿ ಎಂಟಿಯು 1280ಕ್ಕೆ ಇಳಿಸಿ ನೋಡಿ. ಸರಿಹೋದರೆ 20ರಂತೆ ಏರಿಸುತ್ತ ಮತ್ತೆ ಕೆಡುವ ಮುನ್ನ ನಿಲ್ಲಿಸಿ.

ತೋಟದ ಸಿಸಿ ಕ್ಯಾಮೆರಾಕ್ಕೆ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ನೇರ ದಾರಿ) ಮಾಡಲು ಗುದ್ದಾಡುವವರಿಗೆ: ಮೊಬೈಲ್ ಸಿಮ್‌ನಲ್ಲಿ ಸಿಗುವ ಐಪಿವಿ4 ವಿಳಾಸ ಸಾವಿರಾರು ಜನರಿಗೆ ಹಂಚಿದ್ದು, ಹೊರಗಿನಿಂದ ನೇರ ಬರಲಾಗದು. ಕ್ಯಾಮೆರಾ ಕಂಪನಿಯ ಪಿ2ಪಿ ಸೇವೆ ಅಥವಾ ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲದ ಆ್ಯಪ್ ಬಳಸಿ.

ಮಳೆಗಾಲ

ಮಳೆಹನಿಗಳೇ 4ಜಿ ಫ್ರೀಕ್ವೆನ್ಸಿಗಳನ್ನು ತಡೆಯುವುದು ತೀರಾ ಕಡಿಮೆ. ಆದರೆ ನೆಂದ ಎಲೆ ತಡೆಯುತ್ತದೆ. ಟವರನ್ನು ಹೊರಜಗತ್ತಿಗೆ ಜೋಡಿಸುವ ಮೈಕ್ರೋವೇವ್ ಕೊಂಡಿ ಹೆಚ್ಚಿನ ಫ್ರೀಕ್ವೆನ್ಸಿಯದಾದರೆ ಆಷಾಢದ ಮಳೆಗೆ ಅದು ಕುಗ್ಗುತ್ತದೆ. ಆಗ ನಿಮ್ಮ ಫೋನಿನಲ್ಲಿ ಆರ್‌ಎಸ್‌ಆರ್‌ಪಿ ಚೆನ್ನಾಗಿಯೇ ಇರುತ್ತದೆ, ಡೇಟಾ ಮಾತ್ರ ಸೊನ್ನೆ. ಇದಕ್ಕೂ ಹೆಚ್ಚಿನದು ಕರೆಂಟಿನ ಕಾಟ: ಲೈನ್ ಮೇಲೆ ಮರ ಬಿದ್ದು, ಟವರಿನ ಬ್ಯಾಟರಿ ಖಾಲಿಯಾಗಿ, ಡೀಸೆಲ್ ಬಾರದೆ ಟವರೇ ಮಲಗುವುದು. ಆರ್‌ಎಸ್‌ಆರ್‌ಪಿ ಒಮ್ಮೆಲೇ 15–20 ಡಿಬಿ ಬಿದ್ದು ಸೆಲ್ ಐಡಿ ಬದಲಾಗಿದ್ದರೆ ನಿಮ್ಮ ಟವರ್ ಆರಿದೆ, ಫೋನ್ ದೂರದ್ದನ್ನು ಹಿಡಿದಿದೆ. ರೂಟರ್ ರೀಸೆಟ್ ಮಾಡಿ ಸೆಟ್ಟಿಂಗ್ ಕಳೆದುಕೊಳ್ಳಬೇಡಿ. ಮಳೆಗಾಲದುದ್ದಕ್ಕೂ ಕೆಲಸ ನಡೆಯಬೇಕೆಂದರೆ ಬೇರೆ ಕಂಪನಿಯ, ಬೇರೆ ಟವರಿನ ಇನ್ನೊಂದು ಸಿಮ್ ಇಟ್ಟುಕೊಳ್ಳುವುದೇ ದಾರಿ.

ದೂರು, ಪೋರ್ಟ್

ಕಂಪನಿಗೆ ಕರೆ ಮಾಡಿ ‘ನೆಟ್ ಸ್ಲೋ’ ಎಂದರೆ ಫೋನ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. 198ಕ್ಕೆ ಕರೆ ಮಾಡುವಾಗ ನಿಮ್ಮ ಹಾಳೆ ಕೈಯಲ್ಲಿರಲಿ: ಸೆಲ್ ಐಡಿ, ಬ್ಯಾಂಡ್, ಮೂರು ಹೊತ್ತಿನ ಆರ್‌ಎಸ್‌ಆರ್‌ಪಿ ಮತ್ತು ವೇಗ, ಎಂದಿನಿಂದ ಹೀಗೆ. ದೂರಿನ ಡಾಕೆಟ್ ಸಂಖ್ಯೆ ಕೇಳಿ ಬರೆದುಕೊಳ್ಳಿ. ಪರಿಹಾರ ಸಮಾಧಾನ ತರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಆ ಸಂಖ್ಯೆ ಹಾಕಿ ಬರೆಯಬಹುದು. ಅಕ್ಕಪಕ್ಕದ ಮನೆಯವರೂ ಅದೇ ಸೆಲ್ ಐಡಿ ಹಾಕಿ ದೂರು ಕೊಟ್ಟರೆ ಅದು ಒಂಟಿ ಗ್ರಾಹಕರ ಗೊಣಗಾಟ ಎಂದು ತಳ್ಳಿಹಾಕುವುದು ಕಷ್ಟವಾಗುತ್ತದೆ.

ಪೋರ್ಟ್ ಮಾಡುವ ಮುನ್ನ ಪಕ್ಕದ ಮನೆಯವರ ಬೇರೆ ಕಂಪನಿ ಸಿಮ್ ಒಂದು ಸಂಜೆಗೆ ಕೇಳಿ ಪಡೆದು, ನಿಮ್ಮದೇ ರೂಟರಿಗೆ ಹಾಕಿ, ಅದೇ ಅಟ್ಟದಲ್ಲಿ, ರಾತ್ರಿ 9ಕ್ಕೆ ಅಳೆದು ನೋಡಿ. 1900ಕ್ಕೆ ಎಸ್‌ಎಂಎಸ್ ಕಳಿಸಿ ಪೋರ್ಟ್ ಆದರೆ ಮತ್ತೆ 90 ದಿನ ಅಲ್ಲೇ ಇರಬೇಕು.